ಎಸ್ ಮೀಟರ್ ನೋಡಿ ಕಳ್ಳನನ್ನು ಹಿಡಿಯಲಾಗದು

ಆದಷ್ಟು ಹೆಚ್ಚು ನಿಲ್ದಾಣಗಳನ್ನು ಸಂಪರ್ಕಿಸುವ ಹ್ಯಾಮ್ (ಹವ್ಯಾಸಿ) ರೇಡಿಯೋ ಸ್ಪರ್ಧೆಯ ಬಗ್ಗೆ, ಒಬ್ಬರ ಕರೆಸಂಕೇತ (ಹ್ಯಾಮ್‌ನ ಅಧಿಕೃತ ಗುರುತು) ಹಾಕಿ ನೀವು ಗುಂಪಿನಲ್ಲಿ ಬರೆದದ್ದನ್ನು ಓದಿದೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. 100 ವ್ಯಾಟ್‌ನ ಲೋ ಪವರ್ ವರ್ಗದಲ್ಲಿ ನಿದ್ದೆಗೆಟ್ಟು ಆಡಿದಿರಿ. ಅದೇ ವರ್ಗದಲ್ಲಿ ನಿಮಗಿಂತ ಬಹಳ ಮೇಲೆ ಬಂದವರೊಬ್ಬರ ಸಿಗ್ನಲ್ ನಿಮ್ಮ ರಿಗ್‌ನಲ್ಲಿ (ರೇಡಿಯೋ ಯಂತ್ರ) ಎಸ್ ಮೀಟರ್ ಎಂಬ, ಸಿಗ್ನಲ್‌ನ ಬಲ ತೋರಿಸುವ ಮೀಟರಿನಲ್ಲಿ ಎಸ್9ರ ಮೇಲೆ 20 ಡೆಸಿಬೆಲ್ ತೋರಿಸಿತು, ಆದ್ದರಿಂದ ಅವರು ಗುಟ್ಟಾಗಿ ಲೀನಿಯರ್ (ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್) ಹಾಕಿರಲೇಬೇಕು ಎನ್ನುತ್ತೀರಿ. ಅಲ್ಲಿಗೆ ನಿಲ್ಲದೆ, "ಯಾರೂ ಅಳೆಯಲಾರರು ಎಂದಮೇಲೆ ನಾನೂ ಹಾಕಿದರೆ ತಪ್ಪೇನು" ಎಂದೂ ಕೇಳಿದ್ದೀರಿ. ಮೊದಲು ಲೆಕ್ಕ ನೋಡೋಣ. ಇಂಥ ಗುಮಾನಿಯ ಮುಕ್ಕಾಲು ಪಾಲು ಅಲ್ಲೇ ಕರಗಿಹೋಗುತ್ತದೆ.

ಶಕ್ತಿ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್. ಎಸ್ ಮೀಟರ್‌ನ ಒಂದು ಮೆಟ್ಟಿಲಿಗೆ 6 ಡೆಸಿಬೆಲ್ ಎಂಬುದು ಒಪ್ಪಿತ ಅಳತೆ, ಅಂದರೆ ಸೂಜಿ ಒಂದು ಮೆಟ್ಟಿಲು ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. 100 ವ್ಯಾಟ್‌ನಿಂದ 1500 ವ್ಯಾಟ್‌ಗೆ ಜಿಗಿದರೂ ದಕ್ಕುವುದು 11.8 ಡೆಸಿಬೆಲ್, ಎರಡು ಮೆಟ್ಟಿಲಿಗೆ ಕೂದಲೆಳೆಯಷ್ಟು ಕಡಿಮೆ. ಈಗ ಆಂಟೆನಾ ಕಡೆಗೆ ಬನ್ನಿ. 14 ಮೆಗಾಹರ್ಟ್ಸ್‌ನಲ್ಲಿ ಒಬ್ಬರು 5 ಮೀಟರ್ ಎತ್ತರದಲ್ಲಿ ಡೈಪೋಲ್ (ಸರಳ ತಂತಿ ಆಂಟೆನಾ) ಕಟ್ಟಿದ್ದಾರೆ, ಇನ್ನೊಬ್ಬರು 20 ಮೀಟರ್ ಎತ್ತರದಲ್ಲಿ ಮೂರು ಎಲಿಮೆಂಟಿನ ಯಾಗಿ (ಒಂದೇ ದಿಕ್ಕಿಗೆ ಬಲ ಕೂಡಿಸುವ ಆಂಟೆನಾ) ಏರಿಸಿದ್ದಾರೆ ಎನ್ನಿ. ದೂರದ ಸಂಪರ್ಕಕ್ಕೆ ಬೇಕಾದ 10 ಡಿಗ್ರಿಯಷ್ಟು ತಗ್ಗಿನ ಕೋನದಲ್ಲಿ ಇವೆರಡರ ನಡುವೆ ಸುಮಾರು 15 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಸಮತಟ್ಟು ನೆಲ, ಯಾಗಿಯ ಎತ್ತರ ಒಂದು ತರಂಗಾಂತರ, ಡೈಪೋಲಿನದು ಕಾಲು ತರಂಗಾಂತರ ಎಂದು ಹಿಡಿದು ನೀವೇ ಲೆಕ್ಕ ಹಾಕಿ ನೋಡಬಹುದು. ಲೀನಿಯರ್ ಕೊಡುವುದಕ್ಕಿಂತ ಹೆಚ್ಚನ್ನು ಆಂಟೆನಾ ಒಂದೇ ಕೊಟ್ಟಿತು, ಅದೂ ಯಾವ ನಿಯಮವನ್ನೂ ಮುರಿಯದೆ. ಆ ಯಾಗಿ ಕೇಳುವಾಗಲೂ ಅಷ್ಟೇ ಕೆಲಸ ಮಾಡುತ್ತದೆ, ಲೀನಿಯರ್‌ಗೆ ಕಿವಿಯೇ ಇಲ್ಲ.

ಇನ್ನು ಎಸ್ ಮೀಟರ್. ಅನೇಕ ರಿಗ್‌ಗಳಲ್ಲಿ ಎಸ್9ರ ಕೆಳಗಿನ ಮೆಟ್ಟಿಲುಗಳು 6 ಡೆಸಿಬೆಲ್ ಇರುವುದೇ ಇಲ್ಲ, ಮೂರೋ ನಾಲ್ಕೋ ಇರುತ್ತವೆ. ಬರುವ ಸಿಗ್ನಲ್ ಹಿಗ್ಗಿಸುವ ಪ್ರೀ ಆಂಪ್ ಗುಂಡಿ ಒತ್ತಿದರೆ ಎಲ್ಲರೂ ಒಮ್ಮೆಲೇ ಬಲಶಾಲಿಗಳಾಗುತ್ತಾರೆ. ನಿಮ್ಮ ಕಡೆಗೇ ತಿರುಗಿದ್ದ ಯಾಗಿ, ಆ ಹೊತ್ತಿನ ಅಯಾನುಗೋಳ (ರೇಡಿಯೋ ಅಲೆಗಳನ್ನು ಬಾಗಿಸಿ ಮರಳಿಸುವ ಮೇಲ್ವಾತಾವರಣ), ಅವರ ಮುಂದಿನ ಇಳಿಜಾರು ಎಲ್ಲವೂ ಸೇರಿ ಆ ಸೂಜಿಯನ್ನು ಎತ್ತುತ್ತವೆ. ಅಷ್ಟನ್ನೂ ಬದಿಗಿಟ್ಟು ವ್ಯಾಟ್ ಒಂದನ್ನೇ ಹೆಕ್ಕಿ ತೆಗೆಯಲು ಯಾವ ಮೀಟರ್‌ನಿಂದಲೂ ಆಗದು.

ನಂಬಿಕೆ ಬಾರದಿದ್ದರೆ ಡಬ್ಲ್ಯೂಆರ್‌ಟಿಸಿ ಎಂಬ ವಿಶ್ವ ಚಾಂಪಿಯನ್‌ಷಿಪ್ ನೋಡಿ. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯಿತು. 2014ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ, 2018ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ನಡೆಯಿತು. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಆಂಟೆನಾ, ಒಂದೇ ಬಗೆಯ ಬಯಲು, 100 ವ್ಯಾಟ್, ಪಕ್ಕದಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತ ರೆಫರಿ. ಆದರೂ ಮೊದಲ ಹಾಗೂ ಕೊನೆಯ ತಂಡಗಳ ಅಂಕಗಳ ನಡುವಿನ ಅಂತರ ಕಣ್ಣಿಗೆ ರಾಚುವಂತಿರುತ್ತದೆ. ಯಾವ ಗಂಟೆಗೆ ಯಾವ ಬ್ಯಾಂಡ್ (ಆವರ್ತನಗಳ ಪಟ್ಟಿ), ಯಾವಾಗ ಸಿಕ್ಯೂ (ಎಲ್ಲರಿಗೂ ಕರೆ) ಹೊಡೆಯಬೇಕು, ಯಾವಾಗ ಹುಡುಕಿಕೊಂಡು ಹೋಗಬೇಕು ಎಂಬ ತಿಳಿವಿನಿಂದ ಬರುವ ಅಂತರ ಅದು.

ಹಾಗಾದರೆ ಶಕ್ತಿಯ ಮಿತಿಯೇ ನಿರರ್ಥಕ ಎಂದು ಇದೇ ಚರ್ಚೆಯಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಹೈ ಪವರ್ ವರ್ಗದಲ್ಲಿ 1500ರ ಬದಲು 3000 ವ್ಯಾಟ್ ಬಿಡುವವನು ಅರ್ಧ ಮೆಟ್ಟಿಲು ಕದಿಯುತ್ತಾನೆ. ಪೈಲಪ್‌ನಲ್ಲಿ (ಹಲವರು ಒಬ್ಬರನ್ನೇ ಒಮ್ಮೆಲೇ ಕರೆಯುವಾಗ) ಅದಕ್ಕೂ ಬೆಲೆಯಿದೆ ನಿಜ, ಸರಿಸಮನಾದ ಇಬ್ಬರಲ್ಲಿ ಮೊದಲು ಕಿವಿಗೆ ಬೀಳುವವನು ಅವನೇ. ಆದರೆ ದೊಡ್ಡ ಕಳ್ಳತನ ನಡೆಯುವುದು ಕೆಳಗಿನ ವರ್ಗಗಳಲ್ಲಿ. ಲೋ ಪವರ್ ಎಂದು ಬರೆದು ಲೀನಿಯರ್ ಹಾಕಿದವನಿಗೆ ಹೆಚ್ಚೂಕಡಿಮೆ 12 ಡೆಸಿಬೆಲ್, ಕ್ಯೂಆರ್‌ಪಿಯ (ಅತಿ ಕಡಿಮೆ ಶಕ್ತಿಯ ವರ್ಗ) 5 ವ್ಯಾಟ್ ಎಂದು ಬರೆದು 100 ಬಿಟ್ಟವನಿಗೆ 13 ಡೆಸಿಬೆಲ್. ಲೀನಿಯರ್ ಇಲ್ಲದವರೂ ಗೋಪುರ ಏರಿಸಲಾಗದವರೂ ಆಡಲೆಂದೇ ಮಾಡಿದ ವರ್ಗಗಳು ಇವು. ಅಲ್ಲಿಗೆ ನುಗ್ಗಿ ಪ್ರಶಸ್ತಿಪತ್ರ ಎತ್ತಿಕೊಂಡು ಹೋಗುವವರ ಬಗ್ಗೆ ನನಗೆ ಕನಿಕರವಿಲ್ಲ. ನೀವು ಹಾಕಿದರೆ ಏನು ತಪ್ಪು ಎಂದು ಕೇಳಿದಿರಲ್ಲ, ಇದೇ ತಪ್ಪು. ನೀವು ಸಂದೇಹಪಟ್ಟವರಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ನೀವು ಹಾಗೆ ಹಿಂದಿಕ್ಕುವ, ಪ್ರಾಮಾಣಿಕವಾಗಿ ಆಡಿದವರು ಒಂದೊಂದು ಸ್ಥಾನ ಕಳೆದುಕೊಳ್ಳುತ್ತಾರೆ.

ನಿಯಮವೂ ಅನೇಕರು ತಿಳಿದುಕೊಂಡಷ್ಟು ಸಡಿಲವಲ್ಲ. ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯಲ್ಲಿ ಹೈ ಪವರ್ ಎಂದರೆ 1500 ವ್ಯಾಟ್ ಅಥವಾ ನಿಮ್ಮ ದೇಶದ ಪರವಾನಗಿಯ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಮೆರಿಕದವರಿಗೆ 1500, ಜರ್ಮನಿಯ ಉನ್ನತ ದರ್ಜೆಯವರಿಗೆ 750. ಸ್ಪರ್ಧೆಯ ವರ್ಗವು ಯಾರಿಗೂ ಹೊಸ ಪರವಾನಗಿ ಕೊಡುವುದಿಲ್ಲ. ಅಳೆಯುವುದು ಆಂಪ್ಲಿಫೈಯರ್‌ನ ಹೊರಬಾಗಿಲಲ್ಲಿ, ಆಂಟೆನಾದ ಬುಡದಲ್ಲಲ್ಲ. "ಕೇಬಲ್‌ನಲ್ಲಿ 2 ಡೆಸಿಬೆಲ್ ಸೋರಿಹೋಗುತ್ತದೆ, ಅದನ್ನು ತುಂಬಿಕೊಂಡೆ" ಎಂಬ ವಾದ ನಡೆಯುವುದಿಲ್ಲ.

ಬೇರೆಯವರ ವ್ಯಾಟ್ ಊಹಿಸುವ ಮೊದಲು ನಮ್ಮದನ್ನು ಸರಿಯಾಗಿ ಅಳೆಯೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಿತಿಯಲ್ಲಿ ಹೇಳಿರುವುದು ಪಿಇಪಿ, ಅಂದರೆ ಮಾತಿನ ಏರಿನ ತುದಿಯಲ್ಲಿ ಹೊರಡುವ ಶಕ್ತಿ. ಮೋರ್ಸ್‌ನಲ್ಲಿ ಕೀ ಒತ್ತಿ ಹಿಡಿದರೆ ಸರಾಸರಿ ತೋರಿಸುವ ಮೀಟರ್ ಕೂಡ ಅದನ್ನೇ ಹೇಳುತ್ತದೆ. ಎಸ್‌ಎಸ್‌ಬಿಯಲ್ಲಿ (ಮಾತು ಕಳುಹಿಸುವ ವಿಧಾನ) ಹಾಗಲ್ಲ: ಸೂಜಿ 40ರ ಆಸುಪಾಸಿನಲ್ಲಿ ಕುಣಿಯುತ್ತಿರುತ್ತದೆ, ತುದಿ 100 ಮುಟ್ಟಿರುತ್ತದೆ. ಸೂಜಿಯನ್ನು 100ಕ್ಕೆ ಏರಿಸಲು ಮೈಕ್ ಗೇನ್ ತಿರುಗಿಸುವವರೇ ತಮಗೆ ಗೊತ್ತಿಲ್ಲದೆ ಸಿಗ್ನಲ್ ಕೆಡಿಸಿಕೊಳ್ಳುತ್ತಾರೆ. ಆದ್ದರಿಂದ ತುದಿಯನ್ನು ಹಿಡಿದಿಟ್ಟು ತೋರಿಸುವ ಮೀಟರ್ ಬೇಕು. ಮೀಟರ್‌ಗೂ ತನ್ನದೇ ಕೊರತೆಯಿದೆ. ಬಹಳ ಜನ ಪ್ರಮಾಣವೆಂದು ನಂಬುವ ಬರ್ಡ್ 43ರ ನಿಖರತೆ ಪೂರ್ಣ ಮಾಪನದ ಶೇ. 5ರಷ್ಟು. 2500 ವ್ಯಾಟ್‌ನ ಎಲಿಮೆಂಟ್ (ಅಳತೆಯ ವ್ಯಾಪ್ತಿ ನಿರ್ಧರಿಸುವ ಭಾಗ) ಹಾಕಿ 1500 ಓದಿದರೆ ನಿಜ ಸಂಗತಿ 125 ವ್ಯಾಟ್ ಆಚೆಗೋ ಈಚೆಗೋ ಇರಬಹುದು.

ತರಂಗದ ಆಕಾರ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಇನ್ನೂ ಸುಲಭದ ದಾರಿಯಿದೆ. ಆಂಟೆನಾ ಬದಲಿಗೆ ಶಕ್ತಿಯನ್ನು ನುಂಗಿಕೊಳ್ಳುವ 50 ಓಮ್ ಡಮ್ಮಿ ಲೋಡ್‌ಗೆ ರಿಗ್ ಜೋಡಿಸಿ, ಆ ವೋಲ್ಟೇಜ್ ತಾಳುವ ಪ್ರೋಬ್ ಅಥವಾ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮೂಲಕ ನೋಡಿ. 100 ವ್ಯಾಟ್ ಎಂದರೆ ಸೊನ್ನೆಯಿಂದ ತುದಿಗೆ ಸರಿಯಾಗಿ 100 ವೋಲ್ಟ್, ನೆನಪಿಡಲು ಇದಕ್ಕಿಂತ ಸುಲಭದ ಅಂಕಿ ಬೇರೆ ಬೇಡ. 5 ವ್ಯಾಟ್‌ಗೆ 22.4 ವೋಲ್ಟ್, 1500ಕ್ಕೆ 387. ಮೈಕ್‌ನಲ್ಲಿ ಸಹಜವಾಗಿ ಕರೆಸಂಕೇತ ಹೇಳಿ, ತುದಿಗಳು ಚಪ್ಪಟೆಯಾಗುತ್ತವೆಯೇ ನೋಡಿ. ಚಪ್ಪಟೆಯಾದರೆ ಗೇನ್ ಇಳಿಸಿ. ಪ್ರತಿ ಬ್ಯಾಂಡ್‌ನಲ್ಲೂ ಬೇರೆಬೇರೆಯಾಗಿ ನೋಡಬೇಕು, ಒಂದೇ ಸೆಟ್ಟಿಂಗ್‌ನಲ್ಲಿ ಒಂದು ಬ್ಯಾಂಡ್‌ನಲ್ಲಿ 92, ಇನ್ನೊಂದರಲ್ಲಿ 108 ಬರುವುದು ಸಾಮಾನ್ಯ. ರಿಗ್ಗನ್ನು 95ಕ್ಕೆ ಇಟ್ಟುಬಿಡಿ. ನಷ್ಟ 0.2 ಡೆಸಿಬೆಲ್, ಜಗತ್ತಿನ ಯಾವ ಕಿವಿಗೂ ಅದು ತಿಳಿಯುವುದಿಲ್ಲ. ಸ್ಪೀಚ್ ಪ್ರೊಸೆಸರ್ ಬಳಸಲು ಅಡ್ಡಿಯಿಲ್ಲ. ತುದಿಯನ್ನು ಏರಿಸದೆ ಸರಾಸರಿಯನ್ನು ಕೆಲವು ಡೆಸಿಬೆಲ್ ಎತ್ತುವ ನ್ಯಾಯವಾದ ಉಪಾಯ ಅದು, ಅತಿ ಮಾಡದಿದ್ದರೆ.

ನನ್ನ ಕೋಪ ನಿಜವಾಗಿ ಇರುವುದು ವ್ಯಾಟ್‌ಗಿಂತ ಹೆಚ್ಚಾಗಿ ಕೊಳಕು ಸಿಗ್ನಲ್ ಮೇಲೆ. ಮಿತಿಮೀರಿ ಒತ್ತಿದ ಲೀನಿಯರ್ 2.7 ಕಿಲೋಹರ್ಟ್ಸ್‌ನಲ್ಲಿ ಮುಗಿಯಬೇಕಾದ ಧ್ವನಿಯನ್ನು ಅದರ ಎರಡು ಮೂರು ಪಟ್ಟು ಅಗಲಕ್ಕೆ ಚೆಲ್ಲುತ್ತದೆ. ಪಕ್ಕದವರ ಹೊಲಕ್ಕೆ ದನ ಬಿಟ್ಟಂತೆ ಅದು. ಮೋರ್ಸ್‌ನಲ್ಲಿ ಕೀ ಒತ್ತಿ ಬಿಡುವಾಗ ಸಿಗ್ನಲ್ ಏರಿಳಿಯುವ ಅವಧಿಯನ್ನು 5 ಮಿಲಿಸೆಕೆಂಡ್‌ಗೆ ಇಡುವುದು ಬಿಟ್ಟು ಒಂದೆರಡಕ್ಕೆ ಇಳಿಸಿ, ಟಕಟಕ ಕ್ಲಿಕ್‌ಗಳಿಂದ ಅಕ್ಕಪಕ್ಕದವರನ್ನು ಓಡಿಸುವವರೂ ಇದ್ದಾರೆ. ಇದನ್ನು ಪ್ರಮುಖ ಸ್ಪರ್ಧೆಗಳ ನಿಯಮಗಳು ಕ್ರೀಡಾಮನೋಭಾವಕ್ಕೆ ವಿರುದ್ಧವಾದ ನಡತೆ ಎಂದೇ ಬರೆದಿವೆ, ವ್ಯಾಟ್ ಮಿತಿಯೊಳಗಿದ್ದರೂ ವಿನಾಯಿತಿಯಿಲ್ಲ. ವ್ಯಾಟ್ ಹಾಗಲ್ಲ, ಸಿಗ್ನಲ್‌ನ ಅಗಲ ಧ್ವನಿಮುದ್ರಣದಲ್ಲಿ ಅಚ್ಚಾಗಿ ಉಳಿಯುತ್ತದೆ.

"ಯಾರೂ ಅಳೆಯಲಾರರು" ಎಂಬ ಮಾತಿಗೆ ಬಂದೆ. ದೂರದಿಂದ ವ್ಯಾಟ್ ಅಳೆಯಲಾಗದು, ಆದರೆ ಬದಲಾವಣೆಯನ್ನು ಅಳೆಯಬಹುದು. ರಿವರ್ಸ್ ಬೀಕನ್ ನೆಟ್‌ವರ್ಕ್‌ನ ಗ್ರಾಹಕಗಳು (ರಿಸೀವರ್‌ಗಳು) ಲೋಕದ ಮೂಲೆಮೂಲೆಗಳಲ್ಲಿ ಕುಳಿತು, ಮೋರ್ಸ್‌ನಲ್ಲಿ ಸಿಕ್ಯೂ ಕರೆಯುವ ಪ್ರತಿಯೊಬ್ಬರ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲಿದೆ ಎಂದು ಬರೆದಿಡುತ್ತವೆ, ಆ ದಾಖಲೆ ಎಲ್ಲರಿಗೂ ತೆರೆದಿದೆ. ಒಂದೇ ಬ್ಯಾಂಡ್, ಒಂದೇ ದಿಕ್ಕಿನ ಹಲವು ಗ್ರಾಹಕಗಳಲ್ಲಿ ಒಂದು ನಿಲ್ದಾಣ ಒಂದೇ ನಿಮಿಷದಲ್ಲಿ ಹತ್ತು ಹನ್ನೆರಡು ಡೆಸಿಬೆಲ್ ಜಿಗಿದು, ನೆರೆಯ ನಿಲ್ದಾಣಗಳು ಮಾತ್ರ ಇದ್ದಲ್ಲೇ ಇದ್ದರೆ ಅದಕ್ಕೆ ಅಯಾನುಗೋಳವನ್ನು ದೂರಲಾಗದು. ಆಂಟೆನಾ ಬದಲಿಸಿದ್ದಿರಬಹುದು, ಅದಕ್ಕೇ ಅಷ್ಟರಿಂದಲೇ ತೀರ್ಪು ಕೊಡುವುದಿಲ್ಲ. ದೊಡ್ಡ ಸ್ಪರ್ಧೆಗಳ ಸಮಿತಿಗಳು ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ) ಗ್ರಾಹಕಗಳಿಂದ ಬ್ಯಾಂಡ್‌ಗಳನ್ನೇ ಮುದ್ರಿಸಿಕೊಳ್ಳುತ್ತವೆ. ನೆರವಿಲ್ಲದ ವರ್ಗದಲ್ಲಿದ್ದುಕೊಂಡು ಕ್ಲಸ್ಟರ್ (ಯಾರು ಯಾವ ಆವರ್ತನದಲ್ಲಿದ್ದಾರೆಂದು ತೋರಿಸುವ ಅಂತರ್ಜಾಲ ಪಟ್ಟಿ) ಇಣುಕಿದವರು, ಸ್ಪರ್ಧೆ ಮುಗಿದ ಮೇಲೆ ಲಾಗ್ (ಸಂಪರ್ಕಗಳ ದಾಖಲೆ) ತಿದ್ದಿದವರು ಸಿಕ್ಕಿಬೀಳುವುದು ಇಂಥ ಮುದ್ರಣಗಳು, ದಾಖಲೆಗಳ ಜತೆಗೆ ಲಾಗ್ ಹೋಲಿಸಿದಾಗ.

ನಿಮ್ಮ ಬಳಿ ನಿಜವಾಗಿ ಏನಾದರೂ ಇದ್ದರೆ, ದಿನಾಂಕ, ಯುಟಿಸಿ ಸಮಯ, ಆವರ್ತನ, ಧ್ವನಿಮುದ್ರಣ ಸೇರಿಸಿ ಸಮಿತಿಗೆ ಕಳುಹಿಸಿ. ಗುಂಪಿನಲ್ಲಿ ಕರೆಸಂಕೇತ ಹಾಕಿ ಹರಾಜು ಹಾಕಬೇಡಿ. ನೀವು ಹಾಕಿದ ಬರಹವನ್ನು ತೆಗೆಯಿರಿ ಎಂದೇ ನನ್ನ ವಿನಂತಿ, ಏಕೆಂದರೆ ಅವರ ಬಳಿ 20 ಮೀಟರ್ ಗೋಪುರ ಇದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೇಳಬೇಕೆನಿಸಿದರೆ ಅವರಿಗೇ ನೇರವಾಗಿ, "ಯಾವ ಆಂಟೆನಾ" ಎಂದು ಬರೆಯಿರಿ. ಹ್ಯಾಮ್‌ಗಳು ಈ ಪ್ರಶ್ನೆಗೆ ಬೇಡವೆಂದರೂ ಎರಡು ಪುಟ ಉತ್ತರ ಕೊಡುತ್ತಾರೆ.

ಮುಂದಿನ ಸಲ ಲೀನಿಯರ್ ಹಾಕಿಯೇ ಆಡುವ ಆಸೆಯಿದ್ದರೆ ಹಾಕಿ, ಹೈ ಪವರ್ ವರ್ಗ ಅದಕ್ಕೆಂದೇ ಇದೆ. ಲಾಗ್ ಕಳುಹಿಸುವಾಗ ಕ್ಯಾಬ್ರಿಲ್ಲೋ (ಲಾಗ್ ಕಳುಹಿಸುವ ನಿಗದಿತ ನಮೂನೆ) ಫೈಲ್‌ನ ತಲೆಯಲ್ಲಿ ಕ್ಯಾಟಗರಿ-ಪವರ್ ಎಂಬ ಸಾಲನ್ನು ಒಮ್ಮೆ ಕಣ್ಣಾರೆ ಓದಿ. ಹಿಂದಿನ ಸ್ಪರ್ಧೆಯ "ಲೋ" ಅಲ್ಲೇ ಉಳಿದುಬಿಡುವುದು ಬಹಳ ಸಲ ನಡೆಯುತ್ತದೆ. ಸಿಕ್ಯೂ ವರ್ಲ್ಡ್‌ವೈಡ್‌ನಲ್ಲಿ ಸ್ಪರ್ಧೆ ಮುಗಿದು 5 ದಿನಗಳೊಳಗೆ ಲಾಗ್ ತಲುಪಬೇಕು, ಅಷ್ಟರೊಳಗೆ ಈ ಸಾಲನ್ನು ತಿದ್ದಿ ಮತ್ತೆ ಕಳುಹಿಸಬಹುದು. ನಡುವೆ ಒಂದೆರಡು ಸಂಪರ್ಕಗಳಿಗೆ ಮಾತ್ರ ಲೀನಿಯರ್ ಹಾಕಿದ್ದರೂ ಇಡೀ ಲಾಗ್ ಹೈ ಪವರ್‌ಗೆ ಸೇರುತ್ತದೆ. ಅಲ್ಲಿ ಸ್ಪರ್ಧಿಸಲು ಮನಸ್ಸಿಲ್ಲದಿದ್ದರೆ ಚೆಕ್ ಲಾಗ್ ಎಂದು ಕಳುಹಿಸಿ. ನಿಮಗೆ ಅಂಕ ಬಾರದು, ನಿಮ್ಮೊಡನೆ ಮಾತನಾಡಿದವರ ಲಾಗ್ ತಾಳೆ ನೋಡಲು ಅದು ಉಪಯೋಗಕ್ಕೆ ಬರುತ್ತದೆ.