ಆಲ್ವಾ ಮಿರ್ಡಾಲ್ ಯಾರು? ಸ್ವೀಡನ್ನಿನ ಈ ರಾಯಭಾರಿಗೆ ಭಾರತದ ಜೊತೆ ಏನು ಸಂಬಂಧ?

ಸಂಬಂಧ ಇದೆ, ಅದೂ ಗಟ್ಟಿಯಾದದ್ದೇ. 1955ರಲ್ಲಿ ಸ್ವೀಡನ್ ಸರ್ಕಾರ ಅವರನ್ನು ದೆಹಲಿಗೆ ಕಳಿಸಿತು. 1961ರವರೆಗೂ ಅಲ್ಲೇ ಇದ್ದರು, ನೆಹರೂ ಅವರ ಜೊತೆ ಒಳ್ಳೆಯ ಒಡನಾಟವೂ ಇತ್ತು. ಸ್ವೀಡನ್ನಿನ ಮೊದಲ ಮಹಿಳಾ ರಾಯಭಾರಿ ಇವರೇ.

ಆದರೆ ಅವರು ಶುರು ಮಾಡಿದ್ದು ರಾಜತಾಂತ್ರಿಕ ಕೆಲಸದಿಂದ ಅಲ್ಲ. 1902ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿದ ಇವರಿಗೆ ಮಕ್ಕಳ ಶಿಕ್ಷಣ, ದುಡಿಯುವ ತಾಯಂದಿರ ಕಷ್ಟ, ಇವೇ ಮೊದಲ ಚಿಂತೆ. 1935ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದು ವಸತಿ ಕಟ್ಟಡ ಎದ್ದಿತು, ಅದರ ಹಿಂದೆ ಇವರ ಯೋಚನೆಯೂ ಇತ್ತು: ಕೆಳಗೆ ಎಲ್ಲರಿಗೂ ಒಂದೇ ಅಡುಗೆಮನೆ, ಊಟ ಪುಟ್ಟ ಲಿಫ್ಟ್‌ನಲ್ಲಿ ಸೀದಾ ಮೇಲಿನ ಮನೆಗಳಿಗೆ, ಮಕ್ಕಳನ್ನು ನೋಡಿಕೊಳ್ಳೋಕೆ ಅಲ್ಲೇ ಶಿಶುವಿಹಾರ! ಈಗಲೂ ಹೊಸದು ಅನಿಸುತ್ತೆ, ಅಲ್ವಾ?

ಆಮೇಲೆ ವಿಶ್ವಸಂಸ್ಥೆ, ಯುನೆಸ್ಕೋದಲ್ಲಿ ದೊಡ್ಡ ಹುದ್ದೆಗಳು. ಭಾರತದಿಂದ ವಾಪಸಾದ ಮೇಲೆ 1962ರಲ್ಲಿ ಸಂಸದೆಯಾದರು, ಜಿನೀವಾದ ನಿಶ್ಶಸ್ತ್ರೀಕರಣ ಮಾತುಕತೆಗೆ ಸ್ವೀಡನ್ ತಂಡದ ಮುಖ್ಯಸ್ಥರೂ ಆದರು. 1967ರಿಂದ 1973ರವರೆಗೆ ಅದೇ ಖಾತೆಯ ಸಚಿವೆ. ಅಮೆರಿಕ, ಸೋವಿಯತ್ ಎರಡೂ ಅಣುಬಾಂಬ್ ಕಡಿಮೆ ಮಾಡುತ್ತೇವೆ ಅಂತ ಸುಮ್ನೆ ನಾಟಕ ಆಡುತ್ತಿವೆ ಎಂದು ಇಬ್ಬರನ್ನೂ ಬಿಡದೆ ತರಾಟೆಗೆ ತೆಗೆದುಕೊಂಡರು. ನನಗೆ ಅವರಲ್ಲಿ ಜಾಸ್ತಿ ಹಿಡಿಸೋದು ಈ ನೇರ ಮಾತೇ.

1982ರಲ್ಲಿ ಮೆಕ್ಸಿಕೋದ ಅಲ್ಫೊನ್ಸೊ ಗಾರ್ಸಿಯಾ ರೋಬ್ಲೆಸ್ ಜೊತೆ ಶಾಂತಿ ನೊಬೆಲ್ ಬಂತು. ಗಂಡ ಗುನ್ನಾರ್‌ಗೆ 1974ರಲ್ಲೇ ಅರ್ಥಶಾಸ್ತ್ರದ್ದು ಬಂದಿತ್ತು. ಆಲ್ವಾ ತೀರಿಕೊಂಡಿದ್ದು 1986ರಲ್ಲಿ.