ಓದುಗರ ಪ್ರಶ್ನೆ: ಮೂರನೇ ಬೋರ್ ಕೊರೆಸಲೋ, ಬೇಡವೋ?

ನಾಲ್ಕು ಎಕರೆ ತೆಂಗು ಇದೆ. ಎರಡು ಬೋರ್ ಕೊರೆಸಿದೆವು, ಎರಡೂ ಫೇಲ್. ಇಷ್ಟು ದುಡ್ಡು ಸುರಿದ ಮೇಲೆ ಸುಮ್ಮನಾಗಬಾರದು, ಎರಡು ಹೋಯ್ತು ಅಂದ್ರೆ ಮೂರನೇದರಲ್ಲಿ ನೀರು ಬಂದೇ ಬರುತ್ತೆ ಅಂತಾರೆ ಅಣ್ಣ. ಪಾಯಿಂಟ್ ನೋಡೋರು ಕಾಯಿ ಹಿಡಿದು ಜಾಗವನ್ನೂ ತೋರಿಸಿದ್ದಾರೆ. ಏನು ಮಾಡೋದು?
— ಓದುಗರು, ಅರಸೀಕೆರೆ ತಾಲೂಕು

ನಿಮ್ಮ ಅಣ್ಣನವರ ಮಾತಿನಲ್ಲಿ ಎರಡು ವಾದ ಸೇರಿಕೊಂಡಿವೆ, ಎರಡೂ ತಪ್ಪು. ಸುರಿದ ದುಡ್ಡಿನ ವಿಷಯ ಸುಲಭ. ಮೂರನೇದು ಕೊರೆಸಿದರೂ ಬಿಟ್ಟರೂ ಅದು ವಾಪಸ್ ಬರುವುದಿಲ್ಲ, ಹಾಗಾಗಿ ಮುಂದಿನ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಅದು ಮನಸ್ಸಿನಿಂದ ಹೋಗದಿರುವುದಕ್ಕೆ ಕಾರಣ ಇಷ್ಟೇ: ಕೆಲಸ ನಿಲ್ಲಿಸಿದ ದಿನ ‘ದುಡ್ಡು ಹೋಯ್ತು’ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಇನ್ನೊಂದು ಬೋರ್ ಹಾಕಿದರೆ ಆ ದಿನ ಮುಂದಕ್ಕೆ ಹೋಗುತ್ತದೆ.

‘ಮೂರನೇದು ಬಂದೇ ಬರುತ್ತೆ’ ಎನ್ನುವುದು ಅದಕ್ಕಿಂತ ಅಪಾಯದ ಮಾತು. ನಾಣ್ಯ ಚಿಮ್ಮುವಾಗಲೂ ಹಿಂದಿನ ಎರಡು ಸಲ ಏನು ಬಿತ್ತು ಎನ್ನುವುದು ಮೂರನೇ ಸಲಕ್ಕೆ ಗೊತ್ತಿರುವುದಿಲ್ಲ. ಬೋರ್ ವಿಷಯದಲ್ಲಂತೂ ಪರಿಸ್ಥಿತಿ ಇನ್ನೂ ಕಷ್ಟ. ನಿಮ್ಮ ಕಡೆಯದು ಗಟ್ಟಿ ಬಂಡೆಯ ಸೀಮೆ. ನೀರು ಸಿಗುವುದು ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ಬಂಡೆಯ ಬಿರುಕುಗಳಲ್ಲಿ. ಒಂದೇ ಜಮೀನಿನಲ್ಲಿ ಎರಡು ಕಡೆ ಬಿರುಕು ಸಿಗಲಿಲ್ಲ ಎಂದರೆ ಅಲ್ಲಿ ಬಿರುಕು ಕಡಿಮೆ ಎನ್ನುವುದಕ್ಕೆ ಎರಡು ಸಾಕ್ಷಿ ಸಿಕ್ಕಂತೆ. ಎರಡು ಫೇಲ್ ಆದ ಮೇಲೆ ಮೂರನೇದರ ಮೇಲಿನ ಭರವಸೆ ಇಳಿಯಬೇಕು, ಏರಬಾರದು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಒಂದು ನೋಟ್‌ಬುಕ್ ಹಿಡಿದು ನಿಮ್ಮ ತೋಟದ ಸುತ್ತ ಅರ್ಧ ಕಿಲೋಮೀಟರ್ ಒಳಗೆ, ಕಳೆದ ಐದು ವರ್ಷದಲ್ಲಿ ಕೊರೆಸಿದ ಎಲ್ಲಾ ಬೋರ್‌ಗಳನ್ನೂ ಬರೆದುಕೊಳ್ಳಿ: ಯಾವ ವರ್ಷ, ಎಷ್ಟು ಅಡಿ, ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ಇಂಚು, ಏಪ್ರಿಲ್‌ನಲ್ಲೂ ಓಡಿತೇ. ಫೇಲಾದವನ್ನು ಕೆದಕಿ ಕೇಳಬೇಕು, ಏಕೆಂದರೆ ಅವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೊರೆದ ದಿನ ಎರಡು ಇಂಚು ಚಿಮ್ಮಿ ಬೇಸಿಗೆಗೆ ನಿಂತುಹೋದದ್ದನ್ನೂ ಫೇಲ್ ಕಾಲಮ್ಮಿಗೇ ಹಾಕಿ.

ಉದಾಹರಣೆಗೆ 12ರಲ್ಲಿ 4 ಬೇಸಿಗೆಯಲ್ಲೂ ಓಡುತ್ತಿವೆ ಎನ್ನಿ. ಮೂರಕ್ಕೆ ಒಂದು. ಕೊರೆಯುವ ಕೂಲಿ, ಕೇಸಿಂಗ್ ಎಲ್ಲಾ ಸೇರಿ ಒಂದಕ್ಕೆ 2 ಲಕ್ಷ ಆದರೆ, ನೀರಿರುವ ಒಂದು ಬೋರ್‌ಗೆ ನೀವು ಕೊಡಲು ತಯಾರಿರಬೇಕಾದ ಮೊತ್ತ 2 ಲಕ್ಷವಲ್ಲ, ಸರಾಸರಿ 6 ಲಕ್ಷ. ಪಂಪು, ಕೇಬಲ್ ಬೇರೆ. ಈಗ ಅದೇ 6 ಲಕ್ಷವನ್ನು ಕೃಷಿ ಹೊಂಡ, ಡ್ರಿಪ್, ಬುಡಕ್ಕೆ ಗರಿ-ಸಿಪ್ಪೆಯ ಮುಚ್ಚಿಗೆ, ಕಡು ಬೇಸಿಗೆಯ ಎರಡು ತಿಂಗಳ ಟ್ಯಾಂಕರ್ ನೀರು ಇವುಗಳ ಪಕ್ಕ ಇಟ್ಟು ನೋಡಿ.

ಕಾಯಿ ಹಿಡಿದು ಪಾಯಿಂಟ್ ನೋಡುವವರು ಮೋಸಗಾರರೆಂದು ನಾವು ಹೇಳುವುದಿಲ್ಲ, ಬಹಳಷ್ಟು ಮಂದಿ ತಮ್ಮ ವಿದ್ಯೆಯನ್ನು ನಿಜವಾಗಿಯೂ ನಂಬುತ್ತಾರೆ. ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಕಡ್ಡಿ ಹಿಡಿದು ನೀರು ಹುಡುಕುವ ಸುಮಾರು 500 ಜನರನ್ನು ಜರಡಿ ಹಿಡಿದು 43 ಮಂದಿಯನ್ನು ಆರಿಸಿದರು. ಕೊಟ್ಟಿಗೆಯೊಂದರ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಬೇಕಾದ ಕಡೆ ಸರಿಸಿ, ಅದೆಲ್ಲಿದೆ ಎಂದು ಮೇಲಿನ ಅಂತಸ್ತಿನಿಂದ ಹೇಳಿಸಿದರು. 843 ಸಲ ನೋಡಿದ ಆ ಅಂಕಿಗಳನ್ನು ಆಮೇಲೆ ಅಮೆರಿಕದ ವಿಜ್ಞಾನಿ ಎನ್‌ರೈಟ್ ಮತ್ತೆ ಪರಿಶೀಲಿಸಿದಾಗ ಕಂಡದ್ದು, ಕಣ್ಣುಮುಚ್ಚಿ ಊಹಿಸಿದರೆ ಸಿಗುವಷ್ಟೇ ಫಲ. ಊರಿನಲ್ಲಿ ನಂಬಿಕೆ ಉಳಿಯುವುದಕ್ಕೆ ಕಾರಣ, ನೀರು ಸಿಕ್ಕ ತೋಟ ವರ್ಷವಿಡೀ ಕಣ್ಣೆದುರು ಹಸಿರಾಗಿರುತ್ತದೆ, ಫೇಲಾದ ಬೋರಿನ ಬಾಯಿಗೆ ಮುಚ್ಚಳ ಬೀಳುತ್ತದೆ. (ಮುಚ್ಚಳ ನಿಜಕ್ಕೂ ಹಾಕಿಸಿ, ಮಕ್ಕಳ ಜೀವದ ಪ್ರಶ್ನೆ.) ಅವರು ತೋರಿಸಿದ ಜಾಗವನ್ನು ಭೂವಿಜ್ಞಾನಿಯೊಬ್ಬರಿಂದ ವಿದ್ಯುತ್ ರೋಧ ಸಮೀಕ್ಷೆ (ನೆಲಕ್ಕೆ ವಿದ್ಯುತ್ ಹಾಯಿಸಿ ಒಳಗಿನ ಪದರ ಅಂದಾಜಿಸುವುದು) ಮಾಡಿಸಿಯೇ ಮುಂದುವರಿಯಿರಿ. ಅದೂ ಗ್ಯಾರಂಟಿಯಲ್ಲ, ಆದರೆ ಕಾಯಿಗಿಂತ ಮೇಲು.

ಎಲ್ಲಾ ನೋಡಿ ಕೊರೆಸಿಯೇ ಸಿದ್ಧ ಎಂದಾದರೆ ಗಾಡಿ ಬರುವ ಹಿಂದಿನ ದಿನವೇ ‘ಇಷ್ಟು ಅಡಿ, ಅದಕ್ಕಿಂತ ಮುಂದಿಲ್ಲ’ ಎಂದು ಬರೆದು, ಅಂದು ತೋಟಕ್ಕೆ ಬಾರದ ಯಾರ ಕೈಗಾದರೂ ಕೊಡಿ. ಅತ್ತಿಗೆಯವರಾದರೆ ಒಳ್ಳೆಯದು. ಬರೀ ಬಿಳಿ ಪುಡಿ ಹಾರುತ್ತಿರುವಾಗ ರಾತ್ರಿ ಎರಡು ಗಂಟೆಗೆ ‘ಇನ್ನೊಂದು ನೂರು ಅಡಿ ನೋಡೇಬಿಡೋಣ’ ಎನ್ನುವ ಮಾತು ಬರುತ್ತದೆ, ಅಡಿ ರೇಟು ಹೆಚ್ಚುವುದೂ ಆ ಆಳದಲ್ಲೇ.

ಹೋದ ಸಲ ಅರೇಬಿಕಾಕ್ಕೆ ಒಳ್ಳೆ ರೇಟು ಬಂದಾಗ ಇನ್ನೂ ಏರುತ್ತೆ ಅಂತ ಕಾದೆವು, ಇಳಿಯಿತು. ಆ ರೇಟು ಮತ್ತೆ ಬರೋವರೆಗೂ ಒಂದು ಮೂಟೆನೂ ಕೊಡಲ್ಲ ಅಂತ ಯಜಮಾನರು ಹಟ ಹಿಡಿದಿದ್ದಾರೆ. ಸಾಲದ ಬಡ್ಡಿ ಓಡ್ತಿದೆ.
— ಓದುಗರು, ಮೂಡಿಗೆರೆ

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಆಮೊಸ್ ಟ್ವರ್ಸ್ಕಿ 1979ರಲ್ಲಿ ವಿವರಿಸಿದ್ದು ಇದನ್ನೇ. ಲಾಭ-ನಷ್ಟವನ್ನು ನಾವು ಸೊನ್ನೆಯಿಂದ ಅಳೆಯುವುದಿಲ್ಲ, ಮನಸ್ಸಿನಲ್ಲಿ ನೆಟ್ಟ ಒಂದು ಗುರುತಿನಿಂದ ಅಳೆಯುತ್ತೇವೆ. 1992ರ ಅವರ ಅಂದಾಜಿನಂತೆ ಕಳೆದುಕೊಂಡ ನೋವು ಅಷ್ಟೇ ಗಳಿಸಿದ ಖುಷಿಗಿಂತ ಎರಡು ಪಟ್ಟಿಗೂ ಹೆಚ್ಚು. ನಷ್ಟದಲ್ಲಿದ್ದೇವೆ ಅನ್ನಿಸಿದಾಗ ಮನುಷ್ಯ ಹೆಚ್ಚು ಜೂಜಿಗೆ ಇಳಿಯುತ್ತಾನೆ. ಯಜಮಾನರ ಗುರುತು ಆ ಏರಿದ ದಿನದ ರೇಟು. ಇವತ್ತಿನ ಬೆಲೆ ಖರ್ಚು ಕಳೆದು ಲಾಭವನ್ನೇ ಕೊಟ್ಟರೂ ಅವರಿಗೆ ಅದು ನಷ್ಟವಾಗಿಯೇ ಕಾಣುತ್ತದೆ.

ಅವರನ್ನು ಒಂದು ಪ್ರಶ್ನೆ ಕೇಳಿ, ಜಗಳದ ಧಾಟಿಯಲ್ಲಲ್ಲ: ಗೋಡೌನಿನಲ್ಲಿ ಕಾಫಿ ಇಲ್ಲ, ಅಷ್ಟೇ ಬೆಲೆಯ ದುಡ್ಡು ಕೈಯಲ್ಲಿದೆ ಎಂದುಕೊಳ್ಳಿ. ಸಾಲ ತೀರಿಸುವುದು ಬಿಟ್ಟು ಆ ದುಡ್ಡಿಗೆ ಇವತ್ತಿನ ರೇಟಿನಲ್ಲಿ ಕಾಫಿ ಕೊಂಡು ಇಡುತ್ತೀರಾ? ಇಲ್ಲ ಎಂದರೆ, ಮಾರದೆ ಇಟ್ಟುಕೊಂಡು ಅದನ್ನೇ ಮಾಡುತ್ತಿದ್ದೀರಿ.

ಅರೇಬಿಕಾ ರೇಟು ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ, ರೊಬಸ್ಟಾ ರೇಟು ಲಂಡನ್‌ನಲ್ಲಿ ತೀರ್ಮಾನವಾಗುತ್ತದೆ. ಬ್ರೆಜಿಲ್‌ನ ಹಿಮ, ವಿಯೆಟ್ನಾಂನ ಬರ ಮೂಡಿಗೆರೆಯಲ್ಲಿ ಕೂತವರ ಲೆಕ್ಕಕ್ಕೆ ಸಿಗುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭವಿಷ್ಯ ನುಡಿಯುವವರಿಗೂ ಅಷ್ಟೇ. ಆದ್ದರಿಂದ ಊಹೆ ಬಿಟ್ಟು ಪಾಲು ಮಾಡಿ. ಸಾಲದ ಕಂತು ಮತ್ತು ಆಳುಗಳ ಬಟವಾಡೆಗೆ ಎಷ್ಟು ಬೇಕೋ ಅಷ್ಟು ಮೂಟೆ ಈ ವಾರವೇ. ಉಳಿದದ್ದನ್ನು ಮೂರು ಪಾಲು ಮಾಡಿ ಮೂರು ತಾರೀಕು ಕ್ಯಾಲೆಂಡರಿನಲ್ಲಿ ಬರೆಯಿರಿ. ಆ ದಿನ ರೇಟು ಏನೇ ಇರಲಿ, ಹೊರಡಬೇಕು. ಹೀಗೆ ಮಾಡಿದರೆ ತುತ್ತತುದಿಯ ರೇಟು ಖಂಡಿತ ತಪ್ಪುತ್ತದೆ, ತಳದ ರೇಟಿಗೆ ಅಷ್ಟೂ ಹೋಗುವುದೂ ತಪ್ಪುತ್ತದೆ. ಕೊನೆಯ ತಾರೀಕು ಮಳೆಗಾಲಕ್ಕೆ ಮುಂಚೆ ಇರಲಿ. ಜೂನ್ ಆದ ಮೇಲೆ ನಿಮ್ಮಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ತೇವ ಎಳೆದು ಬಣ್ಣ ಬಿಡುತ್ತದೆ, ಆಗ ರೇಟು ಏರಿದರೂ ನಿಮ್ಮ ಮಾಲಿಗೆ ಅದು ಸಿಗುವುದಿಲ್ಲ. ಬಡ್ಡಿಯನ್ನೂ ತೋರಿಸಿ: 10 ಲಕ್ಷಕ್ಕೆ ವರ್ಷಕ್ಕೆ ಶೇ 12 ಎಂದರೆ ತಿಂಗಳಿಗೆ 10,000 ರೂಪಾಯಿ.

ಅಹಮದಾಬಾದ್ ವಿಮಾನ ದುರಂತ ಆದಾಗಿನಿಂದ ಪುಣೆಯಲ್ಲಿರುವ ಮಗ ವಿಮಾನ ಹತ್ತಲ್ಲ, ಹಬ್ಬಕ್ಕೆ ಕಾರಿನಲ್ಲೇ ಬರ್ತಾನೆ. ನನಗೂ ಅದೇ ಸಮಾಧಾನ. ಸರಿ ತಾನೇ?
— ತಾಯಿ, ಕಡೂರು

ಸರಿಯಲ್ಲಮ್ಮ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಜನ ವಿಮಾನ ಬಿಟ್ಟು ಕಾರು ಹಿಡಿದರು. ಆ ಕಾರಣಕ್ಕೇ ಮುಂದಿನ ಒಂದು ವರ್ಷದಲ್ಲಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚುವರಿಯಾಗಿ ಸತ್ತರು ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಗರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಸ್ಟಿಯರಿಂಗ್ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ, ಅಪಾಯವೇನೂ ಕಡಿಮೆಯಾಗುವುದಿಲ್ಲ. ಭಯ ಹೋಗದಿದ್ದರೆ ರೈಲಿನಲ್ಲಿ ಬರಲಿ. ಕೆಲಸ ಮುಗಿಸಿ ರಾತ್ರಿಯಿಡೀ ಒಬ್ಬನೇ ಕಾರು ಓಡಿಸಿಕೊಂಡು ಬರುವುದು ಮಾತ್ರ ಬೇಡ.

ವಯಸ್ಸು 38. ಹಾಸನದಲ್ಲಿ ಹೃದಯಾಘಾತದ ಸುದ್ದಿ ಸಾಲುಸಾಲಾಗಿ ಬಂದ ಮೇಲೆ ಎದೆ ಸ್ವಲ್ಪ ಹಿಡಿದರೂ ಕೈಕಾಲು ತಣ್ಣಗಾಗುತ್ತೆ. ಮೂರು ಸಲ ಇಸಿಜಿ ಮಾಡಿಸಿದೆ, ನಾರ್ಮಲ್. ಆದರೂ ನಂಬಿಕೆ ಬರ್ತಿಲ್ಲ. ನಮ್ಮ ಊರಿಗೇ ಏನೋ ಆಗಿದೆಯಾ?
— ಓದುಗರು, ಹಾಸನ

2025ರ ಮೇ-ಜೂನ್‌ನಲ್ಲಿ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಸಾವು ವರದಿಯಾದವು. ಯುವಕರೂ ಇದ್ದರು. ಆ ಸಂಖ್ಯೆ ದೊಡ್ಡದೋ ಚಿಕ್ಕದೋ ಎನ್ನಲು ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬೇಕು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ 6 ಸಾವು ಎಂದು ಕಡಿಮೆಯೇ ಹಿಡಿದರೂ 10,600 ಆಗುತ್ತದೆ, 40 ದಿನಕ್ಕೆ ಸುಮಾರು 1,160. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಾವು ಹೃದಯ-ರಕ್ತನಾಳದ ಕಾಯಿಲೆಯಿಂದ. ಅಂದರೆ ಏನೂ ವಿಶೇಷ ನಡೆಯದ 40 ದಿನಗಳಲ್ಲೂ ಜಿಲ್ಲೆಯಲ್ಲಿ ಇಂಥ 290ರಷ್ಟು ಸಾವು. ಅವು ಪತ್ರಿಕೆಗೆ ಬರುವುದಿಲ್ಲ. ‘ಇಂದು ಮತ್ತೊಬ್ಬರು’ ಎಂಬ ಎಣಿಕೆ ಒಮ್ಮೆ ಶುರುವಾದ ಮೇಲೆ ಒಂದೊಂದೂ ಬರುತ್ತದೆ. ಸುಲಭವಾಗಿ ನೆನಪಿಗೆ ಬರುವುದನ್ನು ಮನಸ್ಸು ‘ಹೆಚ್ಚು ನಡೆಯುತ್ತಿದೆ’ ಎಂದು ಓದಿಕೊಳ್ಳುತ್ತದೆ.

ಈ ಲೆಕ್ಕಕ್ಕೂ ಮಿತಿ ಇದೆ: 290ರಲ್ಲಿ ಬಹುಪಾಲು ವಯಸ್ಸಾದವರು, ನಿಮ್ಮ ಚಿಂತೆ ಯುವಕರದ್ದು. ಅದಕ್ಕೆ ಹಿಂದಿನ ದಾಖಲೆಗಳ ಜೊತೆ ಹೋಲಿಕೆ ಬೇಕು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಅದನ್ನು ನೋಡಿ, ಅಸಹಜ ಏರಿಕೆ ಇಲ್ಲ ಎಂದು 2025ರ ಜುಲೈನಲ್ಲಿ ವರದಿ ಕೊಟ್ಟಿತು.

ನಾಲ್ಕನೇ ಇಸಿಜಿಗೆ ಹೊರಡುವ ಮುನ್ನ ಒಂದು ಮಾತು. ಪ್ರತಿ ಇಸಿಜಿ ಒಂದೆರಡು ದಿನ ನೆಮ್ಮದಿ ಕೊಟ್ಟು ಆಮೇಲೆ ಭಯವನ್ನು ಬಲಪಡಿಸುತ್ತದೆ, ಏಕೆಂದರೆ ‘ಪರೀಕ್ಷೆ ಮಾಡಿಸಿದ್ದರಿಂದ ಉಳಿದೆ’ ಎಂದು ಮನಸ್ಸು ಕಲಿಯುತ್ತದೆ. ಇಸಿಜಿ ಆ ಕ್ಷಣದ ಚಿತ್ರ ಮಾತ್ರ, ಮುಂದಿನ ವರ್ಷದ ಭವಿಷ್ಯ ಅದರಲ್ಲಿಲ್ಲ. ಅದಕ್ಕೆ ನೋಡಬೇಕಾದದ್ದು ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಬೀಡಿ-ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎನ್ನುವುದು. ಒಬ್ಬರೇ ವೈದ್ಯರ ಬಳಿ ಒಮ್ಮೆ ಕೂತು ಇಷ್ಟನ್ನೂ ನೋಡಿಸಿ, ಮುಂದಿನ ಪರೀಕ್ಷೆ ಯಾವಾಗ ಎಂದು ತಾರೀಕು ಬರೆಸಿಕೊಳ್ಳಿ. ಅಲ್ಲಿಯವರೆಗೆ ಸುದ್ದಿ ನೋಡಿ ಹೆದರಿ ಓಡುವುದು ಬೇಡ.

ಹೆದರಿಕೆಯಿಂದಲೂ ಎದೆ ಬಿಗಿಯುತ್ತದೆ, ಆದರೆ ‘ಇದು ಬರೀ ಭಯ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಎದೆಯ ನಡುವೆ ಒತ್ತಿದಂಥ ನೋವು ಕೆಲವು ನಿಮಿಷವಾದರೂ ಬಿಡದಿದ್ದರೆ, ತಣ್ಣನೆ ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಹರಿದರೆ, ನಡೆದಾಗ ಹೆಚ್ಚಾಗಿ ನಿಂತಾಗ ಕಡಿಮೆಯಾದರೆ ತಡಮಾಡದೆ ಹೊರಡಿ. ಮೈಸೂರಿಗಲ್ಲ, ಹತ್ತಿರದ ಆಸ್ಪತ್ರೆಗೆ. ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆ ಹೊತ್ತಿನ ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಇದ್ದರೆ ಎದ್ದು ಬರಬೇಡಿ. ಕೆಲವು ಗಂಟೆ ಬಿಟ್ಟು ಮತ್ತೊಂದು ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಮಾಡಬೇಕೇ ಎಂದು ವೈದ್ಯರನ್ನು ಕೇಳಿ.