ತಪ್ಪು ಒಪ್ಪಿಕೊಂಡರೆ ರೈಟರ್ ಮರ್ಯಾದೆ ಹೋಗುತ್ತಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ, ಆಗಿದ್ದೇನೆ. ಚರ್ಚಿನ ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನವನ್ನೂ ಓದುತ್ತೇನೆ. ಮೊನ್ನೆ ರೊಬಸ್ಟಾ ಕೊಯ್ಲಿನ ತೂಕ ಬರೆಯುವಾಗ ನನಗಿಂತ ಹಿರಿಯ ಹೆಂಗಸೊಬ್ಬರು ‘ನನ್ನ ಲೆಕ್ಕ ಕಮ್ಮಿ ಬಂದಿದೆ’ ಎಂದರು. ಎಲ್ಲರೆದುರೇ ‘ಸುಳ್ಳು ಹೇಳಬೇಡ’ ಎಂದು ಗದರಿದೆ. ರಾತ್ರಿ ಒಟ್ಟು ತೂಕಕ್ಕೆ ತಾಳೆ ಹಾಕಿದಾಗ ಗೊತ್ತಾಯಿತು, 84 ಕೆ.ಜಿ. ಇದ್ದದ್ದನ್ನು 48 ಎಂದು ಬರೆದಿದ್ದೆ. ಸದ್ದಿಲ್ಲದೆ ಪುಸ್ತಕ ತಿದ್ದಿದೆ. ಹೆಂಡತಿ ‘ಹೋಗಿ ಕ್ಷಮೆ ಕೇಳಿ’ ಅನ್ನುತ್ತಾಳೆ. ಮೇಸ್ತ್ರಿ ‘ಒಂದ್ಸಲ ಬಗ್ಗಿದ್ರೆ ನಾಳೆಯಿಂದ ಯಾರೂ ಮಾತು ಕೇಳಲ್ಲ’ ಅನ್ನುತ್ತಾನೆ. ಫಾದರ್ ಹತ್ತಿರ ಪಾಪನಿವೇದನೆ ಮಾಡಿದರೆ ಸಾಲದೇ?

ಉತ್ತರ: ಸಾಲದು. ಪಾಪನಿವೇದನೆ ಖಂಡಿತ ಮಾಡಿ, ಆದರೆ ಕೆಡಿಸಿದ್ದನ್ನು ಸರಿಪಡಿಸುವ ಹೊಣೆ ಅದರಿಂದ ತೀರುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ಇದನ್ನು ಬಿಡಿಸಿ ಹೇಳುತ್ತದೆ: ಕದ್ದದ್ದನ್ನು ಹಿಂದಿರುಗಿಸಬೇಕು, ಹೆಸರು ಕೆಡಿಸಿದ್ದರೆ ಆ ಹೆಸರನ್ನು ಮರಳಿ ಕೊಡಬೇಕು. ಪುಸ್ತಕ ತಿದ್ದಿ 36 ಕೆ.ಜಿ.ಯ ಕೂಲಿಯನ್ನೇನೋ ಸರಿಪಡಿಸಿದಿರಿ. ಹೆಸರು ಇನ್ನೂ ಬಾಕಿ ಇದೆ. ಆಳುಗಳ ಮನಸ್ಸಿನಲ್ಲಿ ಆ ಹೆಂಗಸು ಇವತ್ತಿಗೂ ಸುಳ್ಳು ಹೇಳಿದವರೇ.

ಆದ್ದರಿಂದ ಗದರಿದ ಜಾಗದಲ್ಲೇ ಕ್ಷಮೆ ಕೇಳಿ. ಸಂಜೆ ತೂಕಕ್ಕೆ ಎಲ್ಲರೂ ಚೀಲ ಇಳಿಸಿ ನಿಂತಿರುವಾಗ, ತಕ್ಕಡಿಗೆ ಕೈ ಹಾಕುವ ಮೊದಲು. ಮಾತು ಚಿಕ್ಕದಿರಲಿ: ‘ಅಕ್ಕಾ, ಅವತ್ತು ನೀವು ಹೇಳಿದ್ದೇ ಸರಿ. 84 ಇದ್ದದ್ದನ್ನು ನಾನೇ 48 ಬರೆದಿದ್ದೆ. ಎಲ್ಲರ ಮುಂದೆ ನಿಮ್ಮನ್ನ ಸುಳ್ಳಿ ಅಂದದ್ದು ತಪ್ಪು, ಕ್ಷಮಿಸಿ.’ ಅಷ್ಟೇ.

ಇಲ್ಲಿ ಕೆಡುವುದು ಹೆಚ್ಚಾಗಿ ನಾಲ್ಕನೆಯ ವಾಕ್ಯದಲ್ಲಿ. ‘ಆದರೆ ನೀವೂ ಜೋರು ಮಾಡಿದ್ರಿ’ ಎಂದರೆ ಹೇಳಿದ್ದೆಲ್ಲ ವಾಪಸ್ ಪಡೆದಂತೆ. ‘ನಾನು ದೊಡ್ಡ ಪಾಪಿ’ ಎಂದು ಗೋಳಾಡಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕಾಲಿಗೆ ಬೀಳಬೇಡಿ, ಅವರಿಗೆ ಮುಜುಗರವಾಗುತ್ತದೆ, ನೋಡುವವರಿಗೆ ನಿಮ್ಮ ದೀನತೆಯೇ ತಮಾಷೆಯಾಗುತ್ತದೆ. ಜೊತೆಗೆ ನೂರಿನ್ನೂರು ಕೈಗಿಡುವುದೂ ಬೇಡ. ಬೈಬಲಿನಲ್ಲಿ ಫಿಲಿಪ್ಪಿಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲರು ಕೇಳುವುದು ಇತರರನ್ನು ನಮಗಿಂತ ಮೇಲೆಂದು ಎಣಿಸಲು. ಗಮನ ಅವರ ಮೇಲಿರಲಿ, ನಿಮ್ಮ ಪಶ್ಚಾತ್ತಾಪದ ಮೇಲಲ್ಲ.

ಸದ್ದಿಲ್ಲದೆ ತಿದ್ದಿದ್ದನ್ನೂ ಹಾಗೇ ಬಿಡಬೇಡಿ. 48ರ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ 84 ಬರೆದು ಸಹಿ ಮಾಡಿ, ಸಾಹುಕಾರರಿಗೂ ತಿಳಿಸಿ. ಇನ್ನು ಮೇಲೆ ತೂಕವನ್ನು ಗಟ್ಟಿಯಾಗಿ ಓದಿ, ಬರೆದ ಮೇಲೆ ಇನ್ನೊಮ್ಮೆ ಓದಿ ಹೇಳಿ, ಚೀಟಿ ಕೊಡಿ. ನನ್ನ ಕೈಯೂ ತಪ್ಪಬಹುದು ಎಂದು ಒಪ್ಪಿಕೊಂಡವನ ಕೆಲಸ ಹೀಗಿರುತ್ತದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 7ನೇ ಅಧ್ಯಾಯದಲ್ಲಿ ದೀನತೆಗೆ 12 ಮೆಟ್ಟಿಲು ಹಾಕಿಕೊಟ್ಟರು. ಕೊನೆಯ ಮೆಟ್ಟಿಲಲ್ಲಿ ಅವರು ದೀನತೆ ಕಾಣಬೇಕಾದ ಜಾಗಗಳೆಂದು ಪ್ರಾರ್ಥನಾಲಯದ ಜೊತೆಗೆ ತೋಟ, ಹೊಲ, ದಾರಿಯನ್ನೂ ಹೆಸರಿಸುತ್ತಾರೆ. ವಾಚನಪೀಠದ ಹತ್ತಿರ ತಗ್ಗುವ ತಲೆ ತಕ್ಕಡಿಯ ಹತ್ತಿರವೂ ತಗ್ಗಬೇಕು.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಆತ್ಮಶೋಧನೆ ಮಾಡುವಾಗ ‘ನಾನು ಅಹಂಕಾರಿಯೇ?’ ಎಂದು ಕೇಳಿಕೊಳ್ಳಬೇಡಿ, ಉತ್ತರ ಸಿಗುವುದಿಲ್ಲ. ಇವತ್ತು ಯಾರ ಮಾತು ಅರ್ಧಕ್ಕೆ ತುಂಡು ಮಾಡಿದೆ, ಹಿರಿಯರಲ್ಲಿ ಯಾರನ್ನು ಏಕವಚನದಲ್ಲಿ ಕರೆದೆ ಎಂದು ಕೇಳಿಕೊಳ್ಳಿ.

ಭಾನುವಾರದ ವಾಚನ ಬಿಡುವ ಅಗತ್ಯವಿಲ್ಲ. ಆದರೆ ಕಾಣಿಕೆಯನ್ನು ಪೀಠದ ಮುಂದಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಮಾತು ಬೈಬಲಿನ ಮತ್ತಾಯ 5:23–24ರಲ್ಲಿದೆ, ಹಾಗಾಗಿ ಶನಿವಾರದ ಬಟವಾಡೆ ದಾಟಿಸಬೇಡಿ. ಅವರು ತಕ್ಷಣ ‘ಆಯ್ತು ಬಿಡಿ’ ಅನ್ನದಿದ್ದರೆ ಒತ್ತಾಯಿಸಬೇಡಿ, ಕ್ಷಮಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಮೇಸ್ತ್ರಿಯ ಅಂಜಿಕೆ ಪೂರ್ತಿ ಸುಳ್ಳಲ್ಲ, ಒಬ್ಬಿಬ್ಬರು ಸಲಿಗೆ ತೋರಿಸಬಹುದು. ಮರುದಿನ ಯಾರ ಚೀಲದಲ್ಲಾದರೂ ಹಸಿಕಾಯಿ ಹೆಚ್ಚಿದ್ದರೆ, ಅದು ಅದೇ ಅಕ್ಕನ ಚೀಲವಾದರೂ, ಎಂದಿನಂತೆ ಆರಿಸಿ ತೋರಿಸಿ. ದನಿ ಮಾತ್ರ ಏರಿಸಬೇಡಿ.